ಹದಿನಾರರ ಸಂಜೆಗೊಂದು ಪಾಠ: ಮದ್ಯದ ಕುರಿತು ಮಕ್ಕಳಿಗೆ ಏನು ಹೇಳಬೇಕು, ಹೇಗೆ ಹೇಳಬೇಕು

ಮದ್ಯಪಾನದ ಕೆಡುಕುಗಳನ್ನು ಹದಿಹರೆಯದವರಿಗೆ ತಿಳಿಸಬೇಕೆಂಬ ವಿಷಯದಲ್ಲಿ ಮನೆ, ಶಾಲೆ, ಮಠ, ಸರ್ಕಾರಗಳ ನಡುವೆ ಭಿನ್ನಾಭಿಪ್ರಾಯವಿಲ್ಲ. ಆದರೆ ತಿಳಿಸುವ ಮಾತುಗಳು ಬಹುಮಟ್ಟಿಗೆ ಆ ವಯಸ್ಸಿಗೆ ಎಟುಕದಷ್ಟು ದೂರದ ಸಂಗತಿಗಳ ಸುತ್ತಲೇ ಸುತ್ತುತ್ತವೆ. ನಲವತ್ತು ದಾಟಿದ ಮೇಲೆ ಕೆಡುವ ಯಕೃತ್ತು, ಬೀದಿಗೆ ಬೀಳುವ ಸಂಸಾರ, ಸಾಲಕ್ಕೆ ಕರಗುವ ಹೊಲ ಇವೆಲ್ಲ ಸತ್ಯವೇ ಆದರೂ, ಹದಿನಾರು ವರ್ಷದವರ ಮುಂದೆ ನಿಲ್ಲುವ ಪ್ರಶ್ನೆಗಳು ಬೇರೆ. ಮುಂದಿನ ಶನಿವಾರ ಗೆಳೆಯನ ಹುಟ್ಟುಹಬ್ಬದಲ್ಲಿ ಲೋಟ ಕೈಗೆ ಬಂದಾಗ ಏನು ಹೇಳಬೇಕು, ಕುಡಿದರೆ ಅದೇ ರಾತ್ರಿ ದೇಹದೊಳಗೆ ಏನಾಗುತ್ತದೆ, ಜೊತೆಗಿದ್ದವನು ಎಚ್ಚರ ತಪ್ಪಿದರೆ ಯಾರನ್ನು ಕರೆಯಬೇಕು ಎಂಬುವು ಅವರಿಗೆ ನಿಜವಾಗಿ ಬೇಕಾದ ಉತ್ತರಗಳು. ಮದ್ಯದ ಪಾಠ ಇಪ್ಪತ್ತೈದು ವರ್ಷಗಳಾಚೆಯ ರೋಗಶಯ್ಯೆಯಿಂದ ಈ ಒಂದು ಸಂಜೆಯ ಹತ್ತಿರಕ್ಕೆ ಬಂದಾಗ ಮಾತ್ರ ಅದು ಮಕ್ಕಳ ಕಿವಿಗೆ ಬೀಳುತ್ತದೆ ಎಂಬುದೇ ಈ ಲೇಖನದ ಪ್ರತಿಪಾದನೆ.

ಲೋಟದಲ್ಲಿ ಇರುವುದೆಷ್ಟು

ಈ ಪಾಠ ಅಳತೆಯಿಂದ ಆರಂಭವಾಗಬೇಕು, ಏಕೆಂದರೆ ಮದ್ಯದ ವಿಷಯದಲ್ಲಿ ಎಳೆಯರ ಮೊದಲ ತಪ್ಪು ತಿಳಿವಳಿಕೆ ಅಳತೆಗೇ ಸಂಬಂಧಿಸಿದ್ದು. ಬಿಯರ್, ವೈನ್, ವಿಸ್ಕಿ, ಬ್ರಾಂದಿ, ರಮ್, ಸೇಂದಿ ಎಂದು ಹೆಸರುಗಳು ಬೇರೆ ಬೇರೆಯಾದರೂ ಇವೆಲ್ಲವುಗಳಲ್ಲಿ ಅಮಲು ತರುವ ವಸ್ತು ಒಂದೇ. ಅದು ಎಥನಾಲ್, ಅಂದರೆ ಸಕ್ಕರೆಯ ಅಂಶವನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ಹುಳಿಯಿಸಿದಾಗ ಹುಟ್ಟುವ ಮದ್ಯಸಾರ. ಹೋಲಿಕೆಯ ಅನುಕೂಲಕ್ಕಾಗಿ 10 ಗ್ರಾಂ ಶುದ್ಧ ಮದ್ಯಸಾರವನ್ನು ಒಂದು ‘ಪ್ರಮಾಣಿತ ಪಾನ’ವೆಂದು ವಿಶ್ವ ಆರೋಗ್ಯ ಸಂಸ್ಥೆ ಎಣಿಸುತ್ತದೆ. ಭಾರತದಲ್ಲಿ ಮಾರಾಟವಾಗುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಮದ್ಯಸಾರ ಇರುವುದರಿಂದ, 30 ಮಿಲಿಲೀಟರಿನ ಒಂದು ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ, ಆಡುಮಾತಿನಲ್ಲಿ ‘ನೈಂಟಿ’ ಎನಿಸಿಕೊಳ್ಳುವ 90 ಮಿಲಿಲೀಟರಿನ ಪೊಟ್ಟಣದಲ್ಲಿ ಸುಮಾರು 30 ಗ್ರಾಂ ಎಥನಾಲ್ ಇರುತ್ತದೆ. ಇನ್ನು ಶೇ 8ರಷ್ಟು ಮದ್ಯಸಾರವಿರುವ 650 ಮಿಲಿಲೀಟರಿನ ಸ್ಟ್ರಾಂಗ್ ಬಿಯರಿನ ಒಂದು ಬಾಟಲಿಯಲ್ಲಿ ಇರುವುದು ಸುಮಾರು 41 ಗ್ರಾಂ. ಹಾಗಾಗಿ ‘ಬರೀ ಬಿಯರ್ ಅಷ್ಟೇ’ ಎಂದುಕೊಂಡು ಒಂದು ಬಾಟಲಿ ಮುಗಿಸಿದ ಹುಡುಗ ನಾಲ್ಕು ಸಣ್ಣ ಪೆಗ್ ವಿಸ್ಕಿ ಕುಡಿದವನಷ್ಟೇ ಮದ್ಯಸಾರವನ್ನು ಒಳಗಿಳಿಸಿಕೊಂಡಿರುತ್ತಾನೆ. ಗಣಿತದ ತರಗತಿಯಲ್ಲಿ ಹತ್ತು ನಿಮಿಷ ಸಾಕಾಗುವ ಈ ಲೆಕ್ಕ ಉಪದೇಶದ ಎಷ್ಟೋ ಪುಟಗಳಿಗಿಂತ ಸ್ಪಷ್ಟವಾಗಿ ಮಾತನಾಡುತ್ತದೆ.

ಹೊಟ್ಟೆಗಿಳಿದ ಎಥನಾಲಿಗೆ ಅನ್ನದಂತೆ ಜೀರ್ಣವಾಗಬೇಕಾದ ಅಗತ್ಯವಿಲ್ಲ; ಅದರ ಸ್ವಲ್ಪ ಭಾಗ ಜಠರದಿಂದ, ಹೆಚ್ಚಿನ ಭಾಗ ಸಣ್ಣ ಕರುಳಿನಿಂದ ನೇರವಾಗಿ ರಕ್ತಕ್ಕೆ ಸೇರಿ ಕೆಲವೇ ನಿಮಿಷಗಳಲ್ಲಿ ಮಿದುಳನ್ನು ಮುಟ್ಟುತ್ತದೆ, ಖಾಲಿ ಹೊಟ್ಟೆಯಾದರೆ ಇನ್ನೂ ಬೇಗ. ಅದನ್ನು ಹೊರಹಾಕುವ ಭಾರ ಬಹುಪಾಲು ಯಕೃತ್ತಿನದು, ಅಂದರೆ ಆಡುಮಾತಿನ ಲಿವರಿನದು. ಅಲ್ಲಿನ ಒಂದು ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆಯನ್ನು ನಡೆಸಿಕೊಡುವ ಪ್ರೋಟೀನು, ಎಥನಾಲನ್ನು ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವನ್ನಾಗಿ ಮಾಡಿದರೆ, ಇನ್ನೊಂದು ಕಿಣ್ವ ಅದನ್ನು ನಿರಪಾಯಕಾರಿ ಅಸಿಟೇಟ್ ಆಗಿ ಬದಲಿಸುತ್ತದೆ. ವಯಸ್ಕರ ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನು ಮಾತ್ರ ನಿಭಾಯಿಸಬಲ್ಲದು. ನಿಂಬೆರಸ, ಮಜ್ಜಿಗೆ, ಕಾಫಿ, ತಣ್ಣೀರಿನ ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲವಾದ್ದರಿಂದ, ಅಮಲು ಇಳಿಯಲು ಕಾಲವೊಂದೇ ದಾರಿ.

ದೇಹ ಚಿಕ್ಕದಾದಷ್ಟೂ ಅದೇ ಪ್ರಮಾಣದ ಮದ್ಯ ರಕ್ತದಲ್ಲಿ ಹೆಚ್ಚು ಸಾಂದ್ರವಾಗುತ್ತದೆ. ಸುಮಾರು 50 ಕಿಲೋ ತೂಕದ ಹುಡುಗನೊಬ್ಬ ಖಾಲಿ ಹೊಟ್ಟೆಯಲ್ಲಿ ಒಂದು ‘ನೈಂಟಿ’ಯನ್ನು ಬೇಗನೆ ಮುಗಿಸಿದರೆ, ಸ್ಥೂಲ ಲೆಕ್ಕಾಚಾರದ ಪ್ರಕಾರ, ಅವನ 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಮಿಗಿಂತಲೂ ಹೆಚ್ಚು ಮದ್ಯಸಾರ ಇರಬಹುದು, ವಾಹನ ಓಡಿಸುವವರಿಗೆ ಭಾರತದ ಕಾನೂನು ನಿಗದಿಪಡಿಸಿರುವ ಮಿತಿ 30 ಮಿಲಿಗ್ರಾಂ. ಹೆಣ್ಣುಮಕ್ಕಳ ದೇಹದಲ್ಲಿ ನೀರಿನ ಪಾಲು ಸಾಮಾನ್ಯವಾಗಿ ಕಡಿಮೆಯಿರುವುದರಿಂದ ಅಷ್ಟೇ ತೂಕದ ಹುಡುಗಿಯಲ್ಲಿ ಈ ಪ್ರಮಾಣ ಇನ್ನೂ ಮೇಲೇರುತ್ತದೆ.

ಬೆಳೆಯುತ್ತಿರುವ ಮಿದುಳು

ಮಿದುಳಿನ ನರಕೋಶಗಳು ಒಂದಕ್ಕೊಂದು ಸಂದೇಶ ಮುಟ್ಟಿಸಲು ಬಳಸುವ ರಾಸಾಯನಿಕಗಳಿಗೆ ನರವಾಹಕಗಳೆಂದು ಹೆಸರು. ಅವುಗಳಲ್ಲಿ ‘ಗಾಬಾ’ ಎಂಬುದು ಚಟುವಟಿಕೆಯನ್ನು ತಗ್ಗಿಸಿದರೆ ‘ಗ್ಲುಟಮೇಟ್’ ಎಂಬುದು ಪ್ರಚೋದಿಸುತ್ತದೆ. ಮದ್ಯಸಾರ ಮೊದಲನೆಯದರ ಪ್ರಭಾವವನ್ನು ಹೆಚ್ಚಿಸಿ ಎರಡನೆಯದರ ಪ್ರಭಾವವನ್ನು ಕುಗ್ಗಿಸುವುದರಿಂದ ಅದು ಮೂಲತಃ ಮಿದುಳನ್ನು ಮಂಕಾಗಿಸುವ ವಸ್ತು. ಕುಡಿದ ಆರಂಭದಲ್ಲಿ ಕಾಣುವ ಹುರುಪು, ಧೈರ್ಯ, ಮಾತುಗಾರಿಕೆಗಳು ಹೊಸದಾಗಿ ಬಂದ ಶಕ್ತಿಯ ಗುರುತುಗಳಾಗಿರದೆ, ಸಂಕೋಚ ಮತ್ತು ವಿವೇಚನೆಯ ಹಿಡಿತ ಎಲ್ಲಕ್ಕಿಂತ ಮೊದಲು ಸಡಿಲಗೊಂಡದ್ದರ ಫಲವಾಗಿರುತ್ತವೆ.

ಹದಿಹರೆಯದಲ್ಲಿ ಈ ಹಿಡಿತ ಇನ್ನೂ ರೂಪುಗೊಳ್ಳುತ್ತಿರುತ್ತದೆ. ಸುಖ, ಸಾಹಸ, ಮೆಚ್ಚುಗೆಗಳಿಗೆ ಸ್ಪಂದಿಸುವ ಮಿದುಳಿನ ಒಳಭಾಗಗಳು ಆ ವಯಸ್ಸಿಗೆ ಚುರುಕಾಗಿರುತ್ತವೆ. ಆದರೆ ಮುಂದಾಲೋಚನೆ, ಆತ್ಮಸಂಯಮ, ಪರಿಣಾಮಗಳ ತುಲನೆ ಇವುಗಳನ್ನು ನಿರ್ವಹಿಸುವ, ಹಣೆಯ ಹಿಂದಿನ ಭಾಗ ಪೂರ್ಣವಾಗಿ ಬಲಿಯಲು ಇಪ್ಪತ್ತರ ಹರೆಯದ ನಡುಭಾಗದವರೆಗೂ ಕಾಲ ಬೇಕು. ಎತ್ತಿಗೆ ಬಲ ಬಂದಿದ್ದರೂ ಮೂಗುದಾರವನ್ನು ಇನ್ನೂ ಹೊಸೆಯುತ್ತಿರುವ ಸ್ಥಿತಿ ಅದು. ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗವೂ ಮದ್ಯಕ್ಕೆ ಸುಲಭವಾಗಿ ತುತ್ತಾಗುವುದರಿಂದ, ಒಮ್ಮೆಲೇ ಹೆಚ್ಚು ಕುಡಿದವರಿಗೆ ಹಿಂದಿನ ರಾತ್ರಿಯ ಕೆಲವು ಗಂಟೆಗಳು ಪೂರ್ತಿ ಅಳಿಸಿಹೋಗುವುದುಂಟು. ಆ ಹೊತ್ತಿನಲ್ಲಿ ಅವರು ನಡೆದಾಡುತ್ತ, ಮಾತನಾಡುತ್ತ ಇದ್ದಿರಬಹುದು, ಆದರೆ ಮಿದುಳು ಅದನ್ನು ದಾಖಲಿಸಿಯೇ ಇರುವುದಿಲ್ಲ.

ಮಕ್ಕಳಿಗೆ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಎಳೆಯ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಮದ್ಯ ತರುವ ತೂಕಡಿಕೆ ಮತ್ತು ತಡವರಿಕೆ ವಯಸ್ಕ ಪ್ರಾಣಿಗಳಲ್ಲಿದ್ದುದಕ್ಕಿಂತ ಕಡಿಮೆ ಕಂಡುಬಂದಿದ್ದರೂ, ನೆನಪಿನ ಶಕ್ತಿಗೆ ಬಿದ್ದ ಪೆಟ್ಟು ಹೆಚ್ಚಾಗಿತ್ತು. ಸಾಕು ಎಂದು ಎಚ್ಚರಿಸುವ ದೇಹದ ಗಂಟೆ ಎಳೆಯರಲ್ಲಿ ತಡವಾಗಿ ಮೊಳಗುತ್ತದೆಯೆಂದು ಇದು ಸೂಚಿಸುತ್ತದೆ. ‘ನಾನಿನ್ನೂ ಸ್ಟೆಡಿ ಇದ್ದೀನಿ’ ಎಂಬ ಹೆಮ್ಮೆಯ ಮಾತು ಸುರಕ್ಷತೆಯ ಗುರುತಾಗಲಾರದು. ಕುಡಿತ ಆರಂಭವಾದ ವಯಸ್ಸಿಗೂ ಮುಂದಿನ ಬದುಕಿಗೂ ಇರುವ ನಂಟನ್ನು ಅಮೆರಿಕದಲ್ಲಿ ನಡೆದು 1997ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಗುರುತಿಸಿತು. 15 ವರ್ಷಕ್ಕೆ ಮೊದಲೇ ಕುಡಿಯತೊಡಗಿದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಬದುಕಿನ ಯಾವುದೋ ಘಟ್ಟದಲ್ಲಿ ಮದ್ಯ ಅವಲಂಬನೆಗೆ, ಅಂದರೆ ಬಿಡಬೇಕೆಂದರೂ ಬಿಡಲಾಗದ ಸ್ಥಿತಿಗೆ, ತಲುಪಿದ್ದರು. 20ರ ನಂತರ ಆರಂಭಿಸಿದವರಲ್ಲಿ ಈ ಸಂಖ್ಯೆ ನೂರಕ್ಕೆ ಸುಮಾರು 10. ವಂಶವಾಹಿ ಗುಣ, ಮನೆಯ ವಾತಾವರಣಗಳಿಗೂ ಈ ವ್ಯತ್ಯಾಸದಲ್ಲಿ ಪಾಲಿರಬಹುದಾದ್ದರಿಂದ ವಯಸ್ಸೊಂದನ್ನೇ ಕಾರಣವೆನ್ನಲಾಗದು. ಆದರೂ ಮೊದಲ ಲೋಟವನ್ನು ಮುಂದೂಡಿದ ಪ್ರತಿ ವರ್ಷವೂ ಬೆಲೆಬಾಳುವಂಥದ್ದು ಎಂಬ ಮಾತಿಗೆ ಅದು ಬಲ ತುಂಬುತ್ತದೆ.

ಅದೇ ರಾತ್ರಿಯ ಅಪಾಯಗಳು

ಹದಿಹರೆಯದ ಕುಡಿತದಲ್ಲಿ ಜೀವ ತೆಗೆಯುವುದು ಸಾಮಾನ್ಯವಾಗಿ ಯಕೃತ್ತಿನ ಕಾಯಿಲೆಯಲ್ಲ. ಬೈಕು, ಕೆರೆ, ಜಗಳ ಮತ್ತು ಉಸಿರುಗಟ್ಟುವಿಕೆ. ರಕ್ತದಲ್ಲಿ ಮದ್ಯಸಾರ ಮಿತಿಮೀರಿದಾಗ ಉಸಿರಾಟವನ್ನೂ ಗಂಟಲಿನ ರಕ್ಷಣಾ ಪ್ರತಿಕ್ರಿಯೆಯನ್ನೂ ನಿಯಂತ್ರಿಸುವ ಮಿದುಳಿನ ಬುಡದ ಭಾಗವೇ ಮಂಕಾಗುವುದರಿಂದ, ಅಂಗಾತ ಮಲಗಿದವರು ತಮ್ಮದೇ ವಾಂತಿ ಶ್ವಾಸನಾಳಕ್ಕೆ ಸೇರಿ ಸಾಯಬಹುದು. ಕರೆದರೂ ಅಲುಗಿಸಿದರೂ ಎಚ್ಚರವಾಗದಿರುವುದು, ಉಸಿರು ನಿಧಾನವಾಗುವುದು ಅಥವಾ ನಡುನಡುವೆ ನಿಂತು ಬರುವುದು, ಮೈ ತಣ್ಣಗಾಗುವುದು, ತುಟಿ ನೀಲಿಗಟ್ಟುವುದು, ಎಚ್ಚರವಿಲ್ಲದೆ ವಾಂತಿಯಾಗುವುದು ಇವು ಪ್ರಾಣಾಪಾಯದ ಲಕ್ಷಣಗಳು. ಅಂಥವರನ್ನು ‘ಮಲಗಲಿ, ಇಳಿಯುತ್ತದೆ’ ಎಂದು ಬಿಟ್ಟುಹೋಗದೆ, ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಜೊತೆಯಲ್ಲೇ ಇರಬೇಕು. ಎಚ್ಚರ ತಪ್ಪಿದ ಬಳಿಕವೂ ಹೊಟ್ಟೆಯಲ್ಲಿ ಉಳಿದ ಮದ್ಯ ರಕ್ತಕ್ಕೆ ಸೇರುತ್ತಲೇ ಇರುವುದರಿಂದ ಸ್ಥಿತಿ ಸುಧಾರಿಸುವ ಬದಲು ಬಿಗಡಾಯಿಸುವ ಸಾಧ್ಯತೆ ಹೆಚ್ಚು. ಮನೆಯವರ ಬೈಗುಳಕ್ಕೆ ಹೆದರಿ ಗೆಳೆಯರು ಈ ಕರೆಯನ್ನು ತಡಮಾಡಿದರೆ ಅದರ ಬೆಲೆಯನ್ನು ಜೀವದಿಂದಲೇ ತೆರಬೇಕಾಗುತ್ತದೆ.

ಕಳ್ಳಬಟ್ಟಿಯ ಅಪಾಯ ಇನ್ನೊಂದು ಬಗೆಯದು. ಅದರಲ್ಲಿ ಬೆರೆತಿರಬಹುದಾದ ಮೆಥನಾಲ್ ವಾಸನೆಯಲ್ಲಿ ಎಥನಾಲನ್ನು ಹೋಲುತ್ತದಾದರೂ, ಎಥನಾಲನ್ನು ಒಡೆಯುವ ಯಕೃತ್ತಿನ ಅದೇ ಕಿಣ್ವ ಅದನ್ನು ಫಾರ್ಮಾಲ್ಡಿಹೈಡ್ ಆಗಿ ಮಾರ್ಪಡಿಸುತ್ತದೆ; ಬಳಿಕ ಅದು ಫಾರ್ಮಿಕ್ ಆಮ್ಲವಾಗಿ ಬದಲಾಗಿ ಕಣ್ಣಿನ ನರವನ್ನು ಸುಡುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂದ ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನ ಗಡಿ ಭಾಗದಲ್ಲಿ ಕಳ್ಳಬಟ್ಟಿಗೆ ನೂರಕ್ಕೂ ಹೆಚ್ಚು ಜೀವಗಳು ಹೋದವು. ದೀರ್ಘಕಾಲದ ಹಾನಿಯನ್ನೂ ಮರೆಮಾಚಬೇಕಾಗಿಲ್ಲ. ಮದ್ಯವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ದಶಕಗಳ ಹಿಂದೆಯೇ ಸೇರಿಸಿದೆ. 2019ರಲ್ಲಿ ಜಗತ್ತಿನಾದ್ಯಂತ 26 ಲಕ್ಷ ಸಾವುಗಳಿಗೆ ಮದ್ಯ ಕಾರಣವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಆದರೆ ಈ ಸತ್ಯಗಳು ಹತ್ತಿರದ ಸತ್ಯಗಳ ಬೆನ್ನಿಗೆ ಬರಬೇಕು, ಅವುಗಳ ಜಾಗದಲ್ಲಿ ಕೂರಬಾರದು.

ಕಾನೂನಿನ ಮಾತು

ಕಾನೂನಿನ ತಿಳಿವಳಿಕೆಯೂ ಪಾಠದ ಭಾಗವೇ. ಕರ್ನಾಟಕದ ಅಬಕಾರಿ ನಿಯಮಗಳು 21 ವರ್ಷ ತುಂಬದವರಿಗೆ ಮದ್ಯ ಮಾರುವುದನ್ನು ನಿಷೇಧಿಸುತ್ತವೆ. ಈ ವಯಸ್ಸನ್ನು 18ಕ್ಕೆ ಇಳಿಸುವ ಕರಡು ಪ್ರಸ್ತಾವ 2023ರ ಜನವರಿಯಲ್ಲಿ ಹೊರಬಿದ್ದಾಗ ವ್ಯಾಪಕ ವಿರೋಧ ವ್ಯಕ್ತವಾಗಿ ಸರ್ಕಾರ ಅದನ್ನು ಕೈಬಿಟ್ಟಿತು. ವೈದ್ಯರ ಸಲಹೆಯಿಲ್ಲದೆ ಮಗುವಿಗೆ ಮದ್ಯ ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೆಯ ವಿಧಿ ಏಳು ವರ್ಷಗಳವರೆಗೆ ಕಠಿಣ ಸಜೆಯನ್ನೂ ಒಂದು ಲಕ್ಷ ರೂಪಾಯಿವರೆಗೆ ದಂಡವನ್ನೂ ವಿಧಿಸುತ್ತದೆ. ಈ ಕಾಯ್ದೆಯ ದೃಷ್ಟಿಯಲ್ಲಿ 18 ತುಂಬದ ಎಲ್ಲರೂ ಮಕ್ಕಳೇ ಆದ್ದರಿಂದ, ಮದುವೆಮನೆಯ ಹಿತ್ತಲಲ್ಲಿ ಸಲುಗೆಯಿಂದ ಲೋಟ ನೀಡುವ ಸೋದರಮಾವನೂ ಅದರ ವ್ಯಾಪ್ತಿಗೆ ಬರುತ್ತಾನೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಂತೆ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರು ಮೂರು ವರ್ಷಗಳವರೆಗೆ ಸಜೆಗೂ 25 ಸಾವಿರ ರೂಪಾಯಿ ದಂಡಕ್ಕೂ ಗುರಿಯಾಗಬಹುದು, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ, ಆ ಮಗುವಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ಸಿಗುವುದಿಲ್ಲ. ಈ ವಿಧಿಗಳ ಭಾರ ಬೀಳುವುದು ಮುಖ್ಯವಾಗಿ ದೊಡ್ಡವರ ಹೆಗಲಿಗೆ ಎಂಬುದನ್ನು ಗಮನಿಸಬೇಕು. ಕಾನೂನು ಮಗುವನ್ನು ಕಾಯಬೇಕಾದವರನ್ನು ಮೊದಲು ಪ್ರಶ್ನಿಸುತ್ತದೆ.

ಹೆದರಿಕೆ ಏಕೆ ಸಾಲದು

ಭಯ ಹುಟ್ಟಿಸುವ ಚಿತ್ರಗಳು, ಒಂದು ದಿನದ ಭಾಷಣ, ಪ್ರತಿಜ್ಞಾವಿಧಿ ಇವುಗಳಿಂದ ಮಕ್ಕಳ ನಡವಳಿಕೆ ಬದಲಾಗುವುದು ಅಪರೂಪವೆಂಬುದು ಹಲವು ದಶಕಗಳ ಅನುಭವ. 1983ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಆರಂಭವಾದ, ಸಮವಸ್ತ್ರದ ಪೊಲೀಸರೇ ತರಗತಿಗೆ ಬಂದು ಪಾಠ ಮಾಡುವ ‘ಡೇರ್’ ಎಂಬ ಕಾರ್ಯಕ್ರಮ ಆ ದೇಶದ ಶಾಲೆಗಳಲ್ಲೆಲ್ಲ ಹಬ್ಬಿತಾದರೂ, ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿದ ಅಧ್ಯಯನಗಳು ಅದರಿಂದ ಉಳಿಯುವಂಥ ಪರಿಣಾಮವನ್ನು ಕಾಣಲಿಲ್ಲ. ಉತ್ಪ್ರೇಕ್ಷೆಯ ಅಪಾಯ ಇನ್ನೂ ದೊಡ್ಡದು. ಒಂದು ಗುಟುಕಿಗೇ ಬದುಕು ಮುಗಿಯುತ್ತದೆಂದು ಕೇಳಿದ ಮಗು, ಕುಡಿದೂ ಮರುದಿನ ತರಗತಿಗೆ ಬಂದ ಸಹಪಾಠಿಯನ್ನು ಕಂಡಾಗ, ಆ ಒಂದು ಮಾತನ್ನಷ್ಟೇ ಅಲ್ಲ, ಮೇಷ್ಟರು ಹೇಳಿದ ಉಳಿದ ಸತ್ಯಗಳನ್ನೂ ಸುಳ್ಳೆಂದು ತಳ್ಳಿಹಾಕುತ್ತದೆ.

ಇದಕ್ಕೆ ಹೋಲಿಸಿದರೆ ಜೀವನ ಕೌಶಲ ಶಿಕ್ಷಣಕ್ಕೆ ಹೆಚ್ಚಿನ ಫಲವಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಗುರುತಿಸಿದ ಹತ್ತು ಜೀವನ ಕೌಶಲಗಳಲ್ಲಿ ನಿರ್ಧಾರ ಕೈಗೊಳ್ಳುವುದು, ವಿಮರ್ಶಾತ್ಮಕ ಚಿಂತನೆ, ಪರಿಣಾಮಕಾರಿ ಸಂವಹನ, ಒತ್ತಡದ ನಿರ್ವಹಣೆ ಸೇರಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇವುಗಳನ್ನು ಶಾಲಾ ಶಿಕ್ಷಕರೇ ಕಲಿಸಬಹುದಾದ ಚಟುವಟಿಕೆಗಳಾಗಿ ರೂಪಿಸಿದೆ. 2020ರ ಫೆಬ್ರವರಿಯಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮವೂ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ನೀಡುವ, ಮಾದಕ ವಸ್ತುಗಳ ದುರ್ಬಳಕೆಯ ತಡೆಯನ್ನೂ ಒಂದು ವಿಷಯವಾಗಿ ಒಳಗೊಂಡ ಯೋಜನೆ. ಇಂಥ ತರಗತಿಯಲ್ಲಿ ಮಕ್ಕಳು ಬರೀ ಕೇಳಿಸಿಕೊಂಡು ಕೂರುವುದಿಲ್ಲ, ಅಭಿನಯಿಸುತ್ತಾರೆ. ಒಬ್ಬ ‘ಒಂದ್ ಸಿಪ್ ಅಷ್ಟೇ ಮಗಾ, ಏನೂ ಆಗಲ್ಲ’ ಎಂದು ಒತ್ತಾಯಿಸಿದರೆ, ಇನ್ನೊಬ್ಬ ಗೆಳೆತನವನ್ನೂ ಕಳೆದುಕೊಳ್ಳದೆ ಲೋಟವನ್ನೂ ಮುಟ್ಟದೆ ‘ಬೇಡ ಮಗಾ, ನಾಳೆ ಬೆಳಗ್ಗೆ ಮ್ಯಾಚ್ ಇದೆ’ ಎಂದು ಹೇಳಿ ಜಾಗ ಬದಲಿಸುವುದನ್ನು ರೂಢಿ ಮಾಡಿಕೊಳ್ಳುತ್ತಾನೆ. ಈಜನ್ನು ದಡದಲ್ಲಿ ನಿಂತು ವಿವರಿಸಿದರೆ ಸಾಲದು, ನೀರಿಗಿಳಿಯಬೇಕು ಎನ್ನುವಂತೆಯೇ, ನಿರಾಕರಣೆಯನ್ನೂ ಬಾಯಿಬಿಟ್ಟು ಹೇಳಿಯೇ ಕಲಿಯಬೇಕು.

‘ಎಲ್ಲರೂ ಕುಡೀತಾರೆ’ ಎಂಬ ನಂಬಿಕೆಯನ್ನು ತಿದ್ದುವುದೂ ಅಷ್ಟೇ ಮುಖ್ಯ. ಸಿನಿಮಾದ ಬಾರ್ ದೃಶ್ಯಗಳು, ‘ಎಣ್ಣೆ’ಯ ಹಾಡುಗಳು, ಮದ್ಯದ ಹೆಸರನ್ನೇ ಹೊತ್ತ ಸೋಡಾ ಜಾಹೀರಾತುಗಳು ಈ ನಂಬಿಕೆಯನ್ನು ದಿನವೂ ಪೋಷಿಸುತ್ತವೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ಮೀರಿದ ಗಂಡಸರಲ್ಲಿ ಕುಡಿಯುವವರು ನೂರಕ್ಕೆ ಸುಮಾರು 19, ಹೆಂಗಸರಲ್ಲಿ ಸುಮಾರು ಒಬ್ಬರು. ಐದು ಮಂದಿ ಗಂಡಸರಲ್ಲಿ ನಾಲ್ವರು ಕುಡಿಯುವುದಿಲ್ಲ. ಕುಡಿಯದಿರುವವನೇ ಬಹುಸಂಖ್ಯಾತ ಎಂಬುದು ತಿಳಿದಾಗ ‘ಬೇಡ’ ಎನ್ನುವ ಹುಡುಗನ ಬೆನ್ನು ನೆಟ್ಟಗಾಗುತ್ತದೆ.

ಶಾಲೆಯೊಂದೇ ಇದನ್ನೆಲ್ಲ ಮಾಡಲಾರದೆಂಬುದಕ್ಕೆ ಐಸ್‌ಲೆಂಡ್ ಸಾಕ್ಷಿ. ಅಲ್ಲಿ 1998ರಲ್ಲಿ 15-16 ವಯಸ್ಸಿನವರಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದರೆ, 2016ರ ಹೊತ್ತಿಗೆ ಆ ಸಂಖ್ಯೆ 5ಕ್ಕೆ ಇಳಿದಿತ್ತು. ಮಕ್ಕಳು ರಾತ್ರಿ ತಡವಾಗಿ ಹೊರಗಿರದಂತೆ ನಿಯಮ, ಆಟ, ಸಂಗೀತ, ನೃತ್ಯಗಳಿಗೆ ಸರ್ಕಾರದ ಹಣ, ತಂದೆತಾಯಿಯರ ನಡುವೆ ಲಿಖಿತ ಒಪ್ಪಂದ, ಪ್ರತಿ ವರ್ಷದ ಸಮೀಕ್ಷೆ ಇವುಗಳೆಲ್ಲ ಕೂಡಿದ ಫಲ ಅದು. ಚಿಕ್ಕ ದ್ವೀಪದ ಮಾದರಿಯನ್ನು ಹಾಗೆಯೇ ಇಲ್ಲಿಗೆ ತರಲಾಗದಿದ್ದರೂ, ಸಂಜೆಯ ಹೊತ್ತಿಗೆ ಆಟದ ಮೈದಾನವೂ ಗ್ರಂಥಾಲಯವೂ ತೆರೆದಿರುವ ಊರಿನಲ್ಲಿ ಮಕ್ಕಳಿಗೆ ಬೇರೆ ದಾರಿಗಳಿರುತ್ತವೆ ಎಂಬ ತತ್ತ್ವ ಎಲ್ಲಿಗೂ ಸಲ್ಲುತ್ತದೆ.

ಕುಡಿಯುವ ಮನೆಯಿಂದ ಬರುವ ಮಗು

ಯಾವುದೇ ತರಗತಿಯಲ್ಲಿ, ಹಿಂದಿನ ರಾತ್ರಿ ಅಪ್ಪನ ಕೂಗಾಟಕ್ಕೆ ನಿದ್ದೆಗೆಟ್ಟ ಮಗುವೊಂದು ಕುಳಿತಿರಬಹುದೆಂಬುದನ್ನು ಪಾಠ ಮಾಡುವವರು ಮರೆಯಬಾರದು. ದೇಶದಲ್ಲಿ ಮದ್ಯ ಸೇವಿಸುವ ಸುಮಾರು 16 ಕೋಟಿ ಜನರಲ್ಲಿ 5.7 ಕೋಟಿಯಷ್ಟು ಮಂದಿಗೆ ಅದರ ತೊಂದರೆಗಾಗಿ ನೆರವು ಬೇಕಾಗಿದೆಯೆಂದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಅಂದಾಜಿಸಿತು. ಅವರಲ್ಲಿ ಎಷ್ಟೋ ಮಂದಿ ತಂದೆಯರು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಮದ್ಯನಿಷೇಧಕ್ಕಾಗಿ ಕಾಲ್ನಡಿಗೆಯಲ್ಲಿ ಬಂದ ಉತ್ತರ ಕರ್ನಾಟಕದ ಸಾವಿರಾರು ಮಹಿಳೆಯರ ಹಿಂದೆ ಇದ್ದುದು ಇಂಥ ಮನೆಗಳೇ. ‘ಕುಡುಕರು ನೀಚರು’ ಎಂದು ಪಾಠ ಹೇಳಿದರೆ ಆ ಮಗುವಿನ ತಲೆ ತಗ್ಗುತ್ತದೆ, ಬಾಯಿ ಕಟ್ಟುತ್ತದೆ. ಅವಲಂಬನೆ ಚಿಕಿತ್ಸೆಯಿರುವ ಕಾಯಿಲೆ, ಅಪ್ಪನ ಕುಡಿತಕ್ಕೆ ಮಗು ಕಾರಣವಲ್ಲ, ಅದನ್ನು ಬಿಡಿಸುವ ಹೊಣೆ ಮಗುವಿನ ಮೇಲಿಲ್ಲ, ಸಹಾಯ ಕೇಳುವುದು ಮನೆತನದ ಮಾನ ಹರಾಜು ಹಾಕಿದಂತಲ್ಲ ಎಂಬ ಮಾತುಗಳನ್ನು ಆ ಮಗು ಶಾಲೆಯಲ್ಲಿ ಒಮ್ಮೆಯಾದರೂ ಕೇಳಿಸಿಕೊಳ್ಳಬೇಕು. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮಾನಸ್ 14416, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಈ ಮೂರು ಸಂಖ್ಯೆಗಳು ಪ್ರತಿ ಶಾಲೆಯ ಗೋಡೆಯ ಮೇಲೆ ಕಾಣುವಂತಿರಬೇಕು.

ಮನೆಯಲ್ಲಿ ಈ ಮಾತು ಹನ್ನೆರಡು ಹದಿಮೂರರ ವಯಸ್ಸಿಗೇ, ಅಂದರೆ ಮೊದಲ ಲೋಟ ಎದುರಾಗುವ ಮುನ್ನವೇ, ಆರಂಭವಾಗಬೇಕು. ಒಂದೇ ದಿನ ಕೂರಿಸಿ ಆಡುವ ದೀರ್ಘ ಉಪದೇಶಕ್ಕಿಂತ, ದಾರಿಯಲ್ಲಿ ಕಂಡ ಅಪಘಾತ, ಸಿನಿಮಾದಲ್ಲಿ ಬಂದ ದೃಶ್ಯ, ಪತ್ರಿಕೆಯ ಸುದ್ದಿ ಇವುಗಳ ನೆಪದಲ್ಲಿ ಆಗಾಗ ಆಡುವ ಸಣ್ಣ ಮಾತುಗಳು ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತವೆ. ಬಾಟಲಿ ತರಲು ಮಗನನ್ನೇ ಅಂಗಡಿಗೆ ಅಟ್ಟುವ, ಹಬ್ಬದ ದಿನ ‘ರುಚಿ ನೋಡು’ ಎಂದು ಲೋಟ ಚಾಚುವ ದೊಡ್ಡವರ ನಡೆ ಆ ಎಲ್ಲ ಮಾತನ್ನೂ ಅಳಿಸಿಹಾಕುತ್ತದೆ.

ಇಷ್ಟೆಲ್ಲ ಕಲಿಸಿದ ಮೇಲೂ ಯಾವುದೋ ಶನಿವಾರ ಯಾವುದೋ ಮಗು ತಪ್ಪಬಹುದು, ಅಥವಾ ಕುಡಿದ ಗೆಳೆಯನ ಬೈಕಿನ ಹಿಂದೆ ಕೂರಬೇಕಾದ ಇಕ್ಕಟ್ಟಿಗೆ ಸಿಲುಕಬಹುದು. ಆ ಗಳಿಗೆಯಲ್ಲಿ ಮಗು ನೆನಪಿಸಿಕೊಳ್ಳಬೇಕಾದದ್ದು ತಂದೆತಾಯಿ ಬಹಳ ಮೊದಲೇ, ಕೋಪವಿಲ್ಲದ ಹೊತ್ತಿನಲ್ಲಿ, ಕೊಟ್ಟಿರುವ ಒಂದು ಭಾಷೆಯನ್ನು: ‘ನೀನು ಎಲ್ಲೇ ಇರು, ಎಷ್ಟೇ ಹೊತ್ತಾಗಿರಲಿ, ಫೋನ್ ಮಾಡು; ಬಂದು ಕರ್ಕೊಂಡು ಬರ್ತೀವಿ, ಮಾತು ನಾಳೆ ಬೆಳಗ್ಗೆ ಆಡೋಣ.’ ಮರುದಿನ ಬೆಳಗ್ಗೆ ಆ ಮಾತು ನಡೆಯಲೇಬೇಕು, ಕಟ್ಟುನಿಟ್ಟಾಗಿಯೇ ನಡೆಯಬೇಕು; ಆದರೆ ಅದು ನಡೆಯಬೇಕಾದರೆ ಮಗು ಮೊದಲು ಮನೆಗೆ ಜೀವಂತವಾಗಿ ಬಂದಿರಬೇಕು.